ಗೋಡೆಯಾಚೆಯ ಇನ್ಸುಲಿನ್ ಗಿಡ

ನಮ್ಮ ಮನೆಗೂ ಪಕ್ಕದ ಮನೆ ಅಕ್ಕನ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆ. ಕರಿಬೇವಿನ ಗಿಡ ಅವರದು, ನಿಂಬೆ ಗಿಡ ನಮ್ಮದು. ಬೆಳಿಗ್ಗೆ ಎಂಟಕ್ಕೆ ಒಗ್ಗರಣೆಗೆ ಎರಡೆಸಳು ಬೇಕು ಅಂತ ಹೋಗಿ ನಿಂತರೆ, ಒಳಗೆ ಬರುವಾಗ ಒಂಬತ್ತು ಹೊಡೆದಿರುತ್ತದೆ. ಅಕ್ಕನಿಗೆ ಎಪ್ಪತ್ತು ವರ್ಷ. ಮೈಸೂರಲ್ಲೇ ಹುಟ್ಟಿ ಮೈಸೂರಲ್ಲೇ ಬೆಳೆದವರು. ಅವರ ದನಿ ಬೀದಿ ಕೊನೆಯ ಹಾಲಿನ ಬೂತಿನವರೆಗೂ ಕೇಳಿಸುತ್ತದೆ. ಅಂಥ ಅಕ್ಕ ಮೊನ್ನೆ ಸೋಮವಾರ ಗೋಡೆಯ ಮೇಲೆ ಬಗ್ಗಿ, ಆಚೆ ಈಚೆ ನೋಡಿ, ಪಿಸುಗುಟ್ಟಿದರು.

“ಡಾಕ್ಟ್ರು ಇನ್ಸುಲಿನ್ ಶುರು ಮಾಡಿ ಅಂದ್ಬಿಟ್ರು ಕಣೇ. ಮುಗೀತು ನನ್ ಕತೆ.”

ಕೈಯಲ್ಲಿದ್ದ ಲ್ಯಾಬ್ ಚೀಟಿ ನಾಲ್ಕು ಮಡಿಕೆಯಾಗಿತ್ತು. ಬಿಡಿಸಿ ನೋಡಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 10.4. ಮೂರು ಥರದ ಮಾತ್ರೆ ನುಂಗಿದ ಮೇಲೂ ಅಷ್ಟು.

“ಸೊಸೆಗೆ ಹೇಳ್ಬೇಡ. ಕಾಫಿಗೆ ಸಕ್ಕರೆ ಬಿಟ್ಟು ಒಂಬತ್ತು ವರ್ಷ ಆಯ್ತು. ಮದುವೆ ಮನೇಲಿ ಎಲೆ ಮೇಲೆ ಚಿರೋಟಿ ಇಟ್ರೂ ಮುಟ್ಟಿಲ್ಲ. ಆದ್ರೂ ಹಿಂಗಾಯ್ತು ಅಂದ್ರೆ ಜನ ಏನಂತಾರೆ? ಕದ್ದು ತಿಂತಾಳೆ ಅಂತಾರೆ.”

ಆ ಪಿಸುಮಾತಿನ ಸಂಕಟ ನನಗೆ ಗೊತ್ತು. ನನಗೂ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ. ಮೊದಮೊದಲು ಒಂದು ಕ್ಲಿನಿಕ್‌ನಲ್ಲಿ, ಇಪ್ಪತ್ತು ಜನ ಕೂತ ಹಾಲ್‌ನಲ್ಲಿ, ರಿಪೋರ್ಟ್ ಕೊಡುವವರು ಗಟ್ಟಿಯಾಗಿ ಓದಿ ಹೇಳಿದ್ದರು: “ಇನ್ನೂರ ಎಂಬತ್ತಿದೆ. ಹಬ್ಬದಲ್ಲಿ ಚೆನ್ನಾಗಿ ಹೋಳಿಗೆ ಹೊಡೆದ್ರಾ ಅಮ್ಮಾ?” ಆ ವರ್ಷ ನಮ್ಮ ಮನೆಯಲ್ಲಿ ಸೂತಕ, ಹಬ್ಬವೇ ಇರಲಿಲ್ಲ. ತಲೆ ತಗ್ಗಿಸಿಕೊಂಡು ಬಂದವಳು ಮತ್ತೆ ಎಂಟು ತಿಂಗಳು ಪರೀಕ್ಷೆಗೆ ಹೋಗಲಿಲ್ಲ. ಆ ಎಂಟು ತಿಂಗಳಲ್ಲಿ ಸಕ್ಕರೆ ತನ್ನ ಕೆಲಸ ತಾನು ಮಾಡುತ್ತಲೇ ಇತ್ತು. ಹಾಗಾಗಿ ಅಕ್ಕನ ಪಿಸುಮಾತು ಕೇಳಿದಾಗ ನನಗೆ ಇನ್ಸುಲಿನ್‌ಗಿಂತ ಈ ನಾಚಿಕೆಯೇ ದೊಡ್ಡ ಕಾಯಿಲೆ ಅನ್ನಿಸಿತು. ಅದಕ್ಕೆ ಔಷಧಿ ಮಾತೇ. ಒಲೆ ಆರಿಸಿ ಬಂದು ಗೋಡೆಗೆ ಒರಗಿ ನಿಂತೆ.

“ಅಕ್ಕಾ, ನೀವು ಹುಟ್ಟಿದ್ದು ಎಲ್ಲಿ?”

“ಮಿಷನ್ ಆಸ್ಪತ್ರೇಲಿ. ಮಂಡಿ ಮೊಹಲ್ಲಾ. ಈಗ್ಯಾಕೆ ಅದು?”

ಯಾಕೆಂದರೆ ಆ ಆಸ್ಪತ್ರೆಯ ಹಳೇ ಲೆಡ್ಜರ್‌ಗಳು ಸಕ್ಕರೆ ಕಾಯಿಲೆಯ ಸಂಶೋಧನೆಯಲ್ಲಿ ಪ್ರಪಂಚಕ್ಕೇ ಗೊತ್ತು. ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ ಅಂತ ಅದರ ಪೂರ್ತಿ ಹೆಸರು. 1934ರಿಂದಲೇ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಡಾ. ಕ್ಯಾರೊಲಿನ್ ಫಾಲ್ ಮತ್ತು ಇಲ್ಲಿನವರು ಸೇರಿ ಆ ದಾಖಲೆ ಹಿಡಿದು ಹೊರಟರು. ಲೆಡ್ಜರಿನಲ್ಲಿ ಕೂಸಾಗಿದ್ದವರು ಅಷ್ಟು ಹೊತ್ತಿಗೆ ನಡುವಯಸ್ಸು ದಾಟಿದ್ದರು. ಅವರನ್ನು ಹುಡುಕಿ ಸಕ್ಕರೆ ಪರೀಕ್ಷೆ ಮಾಡಿದರು. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಇಷ್ಟು: ಹುಟ್ಟುವಾಗ ಗಿಡ್ಡವಾಗಿದ್ದು, ಆ ಉದ್ದಕ್ಕೆ ಮೈ ತುಂಬಿಕೊಂಡಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ, ಮುಂದೆ ಸಕ್ಕರೆ ಕಾಯಿಲೆ ಹೆಚ್ಚು. ಆಮೇಲೆ ಅದೇ ಆಸ್ಪತ್ರೆಯಲ್ಲಿ ಬಸುರಿಯರ ಸಕ್ಕರೆ ನೋಡಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಇನ್ನೊಂದು ಅಧ್ಯಯನವೂ ನಡೆಯಿತು. ಪುಣೆಯಲ್ಲಿ ಡಾ. ಯಾಜ್ಞಿಕ್ ಅವರು ನಮ್ಮ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಪಕ್ಕ ಇಟ್ಟು ನೋಡಿದರು. ನಮ್ಮವು ತೂಕದಲ್ಲಿ ಎಷ್ಟೋ ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಕಡಿಮೆಯಾಗಿರಲಿಲ್ಲ. ಕೊರತೆ ಬಿದ್ದದ್ದು ಮಾಂಸಖಂಡಕ್ಕೆ. ನೋಡಲು ಸಣಕಲು, ಒಳಗೆ ಕೊಬ್ಬು. ದೊಡ್ಡವರಾದ ಮೇಲೂ ಅದೇ ಮೈಕಟ್ಟು.

ಅಕ್ಕ ಕರಿಬೇವಿನ ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತಾ ಕೇಳಿದರು. “ಹಂಗಾದ್ರೆ ನಮ್ಮಮ್ಮನ ತಪ್ಪಾ?”

“ಅವ್ರದ್ದೂ ಅಲ್ಲಕ್ಕಾ. ತಲೆತಲಾಂತರದಿಂದ ಅರೆಹೊಟ್ಟೇಲಿ ಬದುಕಿದ ಮೈ ನಮ್ದು. ಇದ್ದದ್ದನ್ನ ಕೂಡಿಡೋದು ಕಲಿತಿದೆ ಅಂತಾರೆ. ಈಗ ಮೂರು ಹೊತ್ತು ಅನ್ನ ಸಿಕ್ತಿದೆ, ಕೂತು ತಿಂತಿದೀವಿ. ಮೈಗೆ ತಾಳ್ತಿಲ್ಲ.”

2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೇಶವ್ಯಾಪಿ ಸಮೀಕ್ಷೆ ಹೊರಬಂತು. ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಹತ್ತು ಕೋಟಿ ಜನವೂ ಕದ್ದು ಸಿಹಿ ತಿಂದರೇ? ಊಟದ ಹತೋಟಿ ಬೇಕು, ನಡಿಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಯಿಲೆ ಬಂದವರನ್ನು ಕಳ್ಳರಂತೆ ನೋಡುವುದಕ್ಕೆ ಯಾವ ವಿಜ್ಞಾನದಲ್ಲೂ ಆಧಾರವಿಲ್ಲ.

ಮಾರನೇ ದಿನ ಅಕ್ಕ ಗೋಡೆಯ ಮೇಲೆ ಒಂದು ಕುಂಡ ತಂದಿಟ್ಟರು. ಇನ್ಸುಲಿನ್ ಗಿಡ. ಕಾಂಡವನ್ನು ಸುತ್ತಿಕೊಂಡು ಮೇಲೇರುವ ದಪ್ಪ ಹಸಿರು ಎಲೆ, ತುದಿಯಲ್ಲೊಂದು ಕಿತ್ತಳೆ ಬಣ್ಣದ ಹೂ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಒಂದೆಲೆ ಅಗಿಯುತ್ತಿದ್ದಾರೆ. “ಸೂಜಿ ಬದಲು ದಿನಕ್ಕೆ ಎರಡೆಲೆ ಮಾಡ್ಕೊಂಡ್ರೆ?”

ಅವರ ಆಸೆ ನೋಡಿ ಕರುಳು ಚುರ್ ಅಂದಿತು. ಆ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಹೆಸರು ಮಾತ್ರ ಹಾಗೆ. ಆದರೆ ಸೊಪ್ಪುಸದೆಯಲ್ಲಿ ಔಷಧಿ ಹುಡುಕುವುದು ಮೂರ್ಖತನ ಅಂತ ನಾನು ಹೇಳಲಾರೆ. ನಮ್ಮ ಮಧುನಾಶಿನಿ ಎಲೆ ಅಗಿದು ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ಅಗಿದ ಹಾಗಿರುತ್ತದೆ. ಸಿಹಿ ಗುರುತಿಸುವ ನಾಲಿಗೆಯ ಕಣಗಳನ್ನೇ ಆ ಎಲೆ ಸ್ವಲ್ಪ ಹೊತ್ತು ಮುಚ್ಚಿಬಿಡುತ್ತದೆ. ಅಕ್ಕ ದಿನಾ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಬೇರು ಕೂಡ ಯುರೋಪಿನ ಹೊಲದ ಬದುವಿನಲ್ಲಿ ಬೆಳೆಯುವ ಗಲೀಗ ಎಂಬ ಗಿಡದಲ್ಲಿದೆ. ಆ ಗಿಡದಲ್ಲಿ ಸಕ್ಕರೆ ಇಳಿಸುವ ಗುಣವೂ ಇತ್ತು, ವಿಷವೂ ಇತ್ತು. ಅದಕ್ಕೆ ಹತ್ತಿರದ, ವಿಷ ಕಡಿಮೆಯಿರುವ ರಾಸಾಯನಿಕವನ್ನು 1922ರಲ್ಲಿ ತಯಾರಿಸಿದರು. 1957ರಲ್ಲಿ ಫ್ರಾನ್ಸಿನ ಡಾ. ಝಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ಫಲ ತೋರಿಸಿದರು. ಗಿಡದಿಂದ ಮಾತ್ರೆಗೆ ಅಷ್ಟು ದೂರ. ಎಷ್ಟು ಕೊಟ್ಟರೆ ಗುಣ, ಎಷ್ಟು ಮೀರಿದರೆ ಅಪಾಯ, ಯಾರಿಗೆ ಕೊಡಬಾರದು, ಇದೆಲ್ಲ ಪರೀಕ್ಷೆಯಾಗಬೇಕು. ಇನ್ಸುಲಿನ್ ಗಿಡ ಆ ದಾರಿಯನ್ನು ಇನ್ನೂ ನಡೆದಿಲ್ಲ.

“ಗಿಡಕ್ಕೆ ನೀರು ಹಾಕಿ, ಹೂ ಚೆನ್ನಾಗಿದೆ. ಔಷಧಿ ಮಾತ್ರ ಡಾಕ್ಟ್ರು ಹೇಳಿದ್ದು,” ಅಂದೆ.

ಮೂರು ದಿನ ಹೀಗೆ ಹೊಸ ಔಷಧಿಗಳ ಮಾತೇ ಆಯಿತು. ಅಕ್ಕನ ಚೀಟಿಯಲ್ಲಿದ್ದ ಇನ್ನೊಂದು ಮಾತ್ರೆ ಎಂಪಾಗ್ಲಿಫ್ಲೋಜಿನ್. ಅದರ ಮೂಲ ಸೇಬಿನ ಮರದ ಬೇರಿನ ತೊಗಟೆ. ಅದರಲ್ಲಿನ ಫ್ಲೋರಿಜಿನ್ ಎಂಬ ಕಹಿ ವಸ್ತುವನ್ನು ಬೇರೆ ಮಾಡಿ ತೆಗೆದದ್ದು 1835ರಲ್ಲಿ. ನಮ್ಮ ಕಿಡ್ನಿ ರಕ್ತವನ್ನು ಸೋಸುವಾಗ ದಿನಕ್ಕೆ ಸುಮಾರು 180 ಗ್ರಾಂ ಸಕ್ಕರೆ ಆಚೆ ಬೀಳುತ್ತದೆ, ಕಿಡ್ನಿ ಅದನ್ನು ಮತ್ತೆ ಬಾಚಿ ಒಳಗೆ ಹಾಕುತ್ತದೆ. ಈ ಮಾತ್ರೆ ಆ ಬಾಚುವ ಕೈ ಹಿಡಿಯುತ್ತದೆ. ಒಂದಷ್ಟು ಸಕ್ಕರೆ ಮೂತ್ರದಲ್ಲಿ ಹೋಗಿಬಿಡುತ್ತದೆ. ಹೃದ್ರೋಗವೂ ಇದ್ದ ಏಳು ಸಾವಿರ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲ 2015ರಲ್ಲಿ ಬಂದಾಗ ವೈದ್ಯರೇ ಬೆರಗಾದರು. ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಾಗುವ ಸಾವು 38% ಕಡಿಮೆ. ಅಲ್ಲಿಂದ ಸಕ್ಕರೆ ಕಾಯಿಲೆಯ ಚಿಕಿತ್ಸೆಯ ದೃಷ್ಟಿಯೇ ಬದಲಾಯಿತು. ಸಕ್ಕರೆಯ ಅಂಕಿ ಇಳಿಸಿದರೆ ಸಾಲದು, ಹೃದಯ ಉಳಿಯಬೇಕು, ಕಿಡ್ನಿ ಉಳಿಯಬೇಕು ಎನ್ನುವುದು ಈಗಿನ ಮಾತು. 2025ರ ಮಾರ್ಚ್‌ನಲ್ಲಿ ಈ ಮಾತ್ರೆಯ ಪೇಟೆಂಟ್ ನಮ್ಮ ದೇಶದಲ್ಲಿ ಮುಗಿಯಿತು. 60 ರೂಪಾಯಿ ಆಸುಪಾಸಿನಲ್ಲಿದ್ದ ಮಾತ್ರೆ ನಮ್ಮ ಕಂಪನಿಗಳ ಹೆಸರಿನಲ್ಲಿ 10 ರೂಪಾಯಿಗೂ ಕಡಿಮೆಗೆ ಸಿಗತೊಡಗಿತು. ಪಿಂಚಣಿಯಲ್ಲಿ ಬದುಕುವ ಮನೆಗೆ ಇದು ಎಷ್ಟು ದೊಡ್ಡ ಸುದ್ದಿ ಅಂತ ನಮ್ಮಂಥವರನ್ನು ಕೇಳಬೇಕು.

“ಆ ಮಾತ್ರೆ ತಗೊಳ್ಳೋವಾಗ ಏಕಾದಶಿ ನಿರಾಹಾರ ಮಾಡ್ತೀರಲ್ಲ, ಡಾಕ್ಟ್ರಿಗೆ ಹೇಳಿದೀರಾ?” ಅಂತ ಕೇಳಿದೆ. ಇಲ್ಲವಂತೆ. ಈ ಮಾತ್ರೆ ತೆಗೆದುಕೊಂಡು ನೀರೂ ಕುಡಿಯದೆ ಉಪವಾಸ ಕೂತರೆ, ಅಥವಾ ವಾಂತಿಭೇದಿ ಆದರೆ, ರಕ್ತದಲ್ಲಿ ಆಮ್ಲ ಏರಿ ಜೀವಕ್ಕೆ ಆಪತ್ತಾಗಬಹುದು. ಅಂಥ ದಿನ ಮಾತ್ರೆ ಏನು ಮಾಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಬೇಕು. ಇನ್ಸುಲಿನ್ ಶುರುವಾದ ಮೇಲಂತೂ ಉಪವಾಸದ ವಿಚಾರ ಡಾಕ್ಟರಿಗೆ ಹೇಳದೆ ಇರಲೇಬಾರದು. ದೇವರು ಮುನಿಯುವುದಿಲ್ಲ.

ವಾರಕ್ಕೊಂದು ಸಲ ಚುಚ್ಚಿಕೊಂಡು ತೂಕ ಇಳಿಸಿಕೊಳ್ಳುವ ಇಂಜೆಕ್ಷನ್ ಸುದ್ದಿಯನ್ನೂ ಅಕ್ಕ ಟೀವಿಯಲ್ಲಿ ಕೇಳಿದ್ದರು. ಅದು ಶುರುವಾದದ್ದು ಅಮೆರಿಕದ ಮರುಭೂಮಿಯ ಗೀಲಾ ಮಾನ್ಸ್ಟರ್ ಎಂಬ ವಿಷದ ಹಲ್ಲಿಯಿಂದ ಅಂದಾಗ ಮುಖ ಹಿಂಡಿದರು. ಊಟ ಮಾಡಿದ ಕೂಡಲೇ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನ್ ಬಿಡುತ್ತದೆ. ಅದು ಇನ್ಸುಲಿನ್ ಸುರಿಯಲು ಹೇಳುತ್ತದೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುವಂತೆ ಮಾಡುತ್ತದೆ, ಸಾಕು ಅಂತ ಮೆದುಳಿಗೂ ತಿಳಿಸುತ್ತದೆ. ಆದರೆ ಕೆಲವೇ ನಿಮಿಷದಲ್ಲಿ ಕರಗಿಹೋಗುತ್ತದೆ. ಆ ಹಲ್ಲಿಯ ಜೊಲ್ಲಿನಲ್ಲಿ ಅದೇ ಥರದ, ಆದರೆ ಬೇಗ ಕರಗದ ವಸ್ತುವನ್ನು ನ್ಯೂಯಾರ್ಕಿನ ಡಾ. ಜಾನ್ ಎಂಗ್ 1990ರ ದಶಕದ ಆರಂಭದಲ್ಲಿ ಗುರುತಿಸಿದರು. 2005ರಲ್ಲಿ ಅದು ಔಷಧಿಯಾಯಿತು. ಅದರ ಹಿಂದೆ ಬಂದದ್ದೇ ಈಗಿನ ಸೆಮಾಗ್ಲುಟೈಡ್, ಟಿರ್ಜೆಪಟೈಡ್. ಸೆಮಾಗ್ಲುಟೈಡ್ ಸಕ್ಕರೆ ಕಾಯಿಲೆಯವರ ಕಿಡ್ನಿಯನ್ನೂ ಕಾಯುತ್ತದೆ ಅಂತ 2024ರಲ್ಲಿ ಸಾಬೀತಾಯಿತು. ಭಾರತದಲ್ಲಿ ಅದರ ಪೇಟೆಂಟಿನ ಗಡುವು 2026ರ ಮಾರ್ಚ್. ಆದರೆ ಮದುವೆಗೆ ಮುಂಚೆ ತೆಳ್ಳಗಾಗಬೇಕು ಅಂತ ಅಂಗಡಿಯಲ್ಲಿ ಕೊಂಡು ಚುಚ್ಚಿಕೊಳ್ಳುವ ವಸ್ತು ಇದಲ್ಲ. ವಾಕರಿಕೆ, ವಾಂತಿ ಸಾಮಾನ್ಯ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮೊದಲೇ ಮಾಂಸಖಂಡ ಕಡಿಮೆಯಿರುವ ನಮ್ಮ ಮೈಗೆ ವೈದ್ಯರ ಕಣ್ಗಾವಲು ಇನ್ನೂ ಹೆಚ್ಚು ಬೇಕು.

“ಇಷ್ಟೆಲ್ಲ ಇದ್ದೂ ನಂಗೆ ಯಾಕೆ ಹಳೇ ಇನ್ಸುಲಿನ್ನೇ ಬರೆದ್ರು?”

ಒಳ್ಳೆಯ ಪ್ರಶ್ನೆ. ಇನ್ಸುಲಿನ್ ಮಾಡುವ ಕಣಗಳು ವರ್ಷಗಟ್ಟಲೆ ದುಡಿದು ಬಳಲಿದಾಗ, ಎಷ್ಟು ಮಾತ್ರೆ ಕೊಟ್ಟರೂ ಅದು ಸುಸ್ತಾದ ಎತ್ತಿಗೆ ಚಾಟಿ ಬೀಸಿದ ಹಾಗೆ. ಆಗ ನೊಗಕ್ಕೆ ಇನ್ನೊಂದು ಹೆಗಲು ಕೊಡುವುದು ಇನ್ಸುಲಿನ್. ಸಕ್ಕರೆ ಹತೋಟಿಗೆ ಬಂದ ಮೇಲೆ ಕೆಲವರಿಗೆ ಅದರ ಪ್ರಮಾಣ ಕಡಿಮೆಯಾಗುತ್ತದೆ, ಕೆಲವರಿಗೆ ಬೇಡವೂ ಆಗುತ್ತದೆ. ಅದು ಕೊನೆಯ ಗಂಟೆ ಅನ್ನುವುದು ನಮ್ಮಲ್ಲಿ ಬೇರೂರಿದ ಭಯ. ತಡ ಮಾಡುವುದೇ ನಷ್ಟ. ಬ್ರಿಟನ್ನಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇಪ್ಪತ್ತು ವರ್ಷ ನಡೆದ ಯುಕೆಪಿಡಿಎಸ್ ಅಧ್ಯಯನದ ಫಲ 1998ರಲ್ಲಿ ಪ್ರಕಟವಾಯಿತು. ಕಾಯಿಲೆ ಗೊತ್ತಾದ ಆರಂಭದಲ್ಲೇ ಸಕ್ಕರೆಯನ್ನು ಹತೋಟಿಗೆ ತಂದವರಿಗೆ ಅದರ ಲಾಭ ದಶಕಗಳ ನಂತರವೂ ಉಳಿದಿತ್ತು. ನನ್ನ ಆ ಎಂಟು ತಿಂಗಳು ನೆನಪಾದಾಗಲೆಲ್ಲ ಹೊಟ್ಟೆ ಉರಿಯುವುದು ಇದಕ್ಕೇ.

ಇನ್ಸುಲಿನ್ ಬಂದದ್ದು ಹೇಗೆ ಅಂತಲೂ ಹೇಳಿದೆ. ಕೆನಡಾದ ಟೊರಾಂಟೊ. 1922ರ ಜನವರಿ 11. ಆಸ್ಪತ್ರೆಯ ಮಂಚದ ಮೇಲೆ ಹದಿನಾಲ್ಕು ವರ್ಷದ ಹುಡುಗ ಲಿಯೊನಾರ್ಡ್ ಥಾಂಪ್ಸನ್, ಮೂಳೆ ಚಕ್ಕಳ, ಸುಮಾರು 29 ಕೆ.ಜಿ. ಆ ಕಾಲದಲ್ಲಿ ಇಂಥ ಮಕ್ಕಳಿಗೆ ಇದ್ದ ಚಿಕಿತ್ಸೆ ಅರೆಹೊಟ್ಟೆ ಇಡುವುದು, ಕೆಲವು ತಿಂಗಳು ಜೀವ ಹಿಡಿಯುವುದು. ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಸಂಶೋಧಕರು ಪ್ರಾಣಿಯ ಮೇದೋಜೀರಕದಿಂದ ತೆಗೆದ ರಸದ ಮೊದಲ ಚುಚ್ಚು ಸರಿಹೋಗಲಿಲ್ಲ. ಅವರ ಸಂಗಡಿಗ ಕಾಲಿಪ್ ಹಗಲೂ ರಾತ್ರಿ ಕೂತು ಅದನ್ನು ಶುದ್ಧ ಮಾಡಿದರು. ಜನವರಿ 23ಕ್ಕೆ ಮತ್ತೆ ಕೊಟ್ಟರು. ಹುಡುಗನ ಸಕ್ಕರೆ ಇಳಿಯಿತು. ಅವನು ಇನ್ನೂ ಹದಿಮೂರು ವರ್ಷ ಬದುಕಿದ. ಇನ್ಸುಲಿನ್ ಕಂಡುಹಿಡಿದವರು ಅದರ ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಕೊಟ್ಟುಬಿಟ್ಟರು. “ಇದನ್ನ ಸಾವಿನ ಸೂಜಿ ಅಂತೀರಲ್ಲಕ್ಕಾ, ಇದು ಹುಟ್ಟಿದ್ದೇ ಒಂದು ಮಗೂನ ಸಾವಿಂದ ಎಳ್ಕೊಂಡು ಬಂದು.”

ಅಕ್ಕ ಮಾತಾಡಲಿಲ್ಲ. ಸೆರಗಿನ ತುದಿಯಿಂದ ಕುಂಡದ ಅಂಚಿನ ಮಣ್ಣು ಒರೆಸಿದರು.

ಶುಕ್ರವಾರ ನನ್ನ ತೋಳು ತೋರಿಸಿದೆ. ಮಗಳು ತಂದುಕೊಟ್ಟ ಸೆನ್ಸರ್, ಹಳೇ ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಬಿಳಿ ಬಿಲ್ಲೆ. ಅದರಡಿ ಕೂದಲೆಳೆಯಂಥ ತಂತಿ ಚರ್ಮದೊಳಗೆ ಇರುತ್ತದೆ. ರಕ್ತದ್ದಲ್ಲ, ಚರ್ಮದಡಿಯ ದ್ರವದ ಸಕ್ಕರೆ ಅಳೆದು ಹದಿನಾಲ್ಕು ದಿನ ಮೊಬೈಲಿಗೆ ಗೆರೆ ಎಳೆದು ತೋರಿಸುತ್ತದೆ. ದುಬಾರಿ, ಸದಾ ಹಾಕಿಕೊಳ್ಳಲು ನಮ್ಮ ಕೈಲಾಗದು. ಆದರೆ ಆ ಹದಿನಾಲ್ಕು ದಿನದಲ್ಲಿ ಹನ್ನೊಂದು ವರ್ಷದಲ್ಲಿ ಕಲಿಯದ್ದನ್ನು ಕಲಿತೆ. ಮೊದಲ ದಿನ ಮೂರು ಇಡ್ಲಿ, ಚಟ್ನಿ. 126ರಲ್ಲಿದ್ದ ಗೆರೆ ಐವತ್ತು ನಿಮಿಷದಲ್ಲಿ 218ಕ್ಕೆ ಹತ್ತಿತು. ಮಾರನೇ ದಿನ ಮೊದಲು ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ, ಆಮೇಲೆ ಅದೇ ಮೂರು ಇಡ್ಲಿ, ತಿಂದ ಮೇಲೆ ಪಾರ್ಕಿನ ಸುತ್ತ ಕಾಲು ಗಂಟೆ ನಡಿಗೆ. ಗೆರೆ 171 ದಾಟಲಿಲ್ಲ. ನಡೆಯುವಾಗ ಕಾಲಿನ ಮಾಂಸಖಂಡ ಇನ್ಸುಲಿನ್ನಿಗೆ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ ಅಂತ ಓದಿದ್ದೆ, ಕಣ್ಣಾರೆ ಕಂಡೆ. ತರಕಾರಿ, ಬೇಳೆ ಮೊದಲು, ಅನ್ನ ಆಮೇಲೆ ಎನ್ನುವ ಕ್ರಮವನ್ನು ನ್ಯೂಯಾರ್ಕಿನ ವೈದ್ಯರು 2015ರಲ್ಲಿ ಪರೀಕ್ಷಿಸಿ ಫಲ ಕಂಡಿದ್ದಾರೆ. ನಮ್ಮ ಬಾಳೆಲೆಗೂ ಮೊದಲು ಬೀಳುವುದು ಕೋಸಂಬರಿ, ಪಲ್ಯ. ಅದನ್ನು ಚಮಚದಷ್ಟು ಬಡಿಸಿಕೊಂಡು ಬದಿಗಿಟ್ಟು ಅನ್ನಕ್ಕೆ ಕೈಹಾಕುತ್ತೇವೆ.

“ನಾನು ಅನ್ನ ಬಿಟ್ಟು ಎರಡು ಮುದ್ದೆ ತಿಂತೀನಿ,” ಅಂದರು ಅಕ್ಕ. ರಾಗಿ ಒಳ್ಳೆಯದೇ. ನಾರಿದೆ, ಸುಣ್ಣದಂಶವಿದೆ. ಆದರೆ ಅದೂ ಹಿಟ್ಟೇ. ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು 62% ಬರುವುದು ಅಕ್ಕಿ, ಗೋಧಿ, ಸಕ್ಕರೆಯಂಥವುಗಳ ಶರ್ಕರಪಿಷ್ಟದಿಂದ ಅಂತ ಅದೇ ಐಸಿಎಂಆರ್ ಸಮೀಕ್ಷೆಯವರು 2025ರಲ್ಲಿ ಹೇಳಿದರು. ಒಂದು ಮುದ್ದೆ ಇಳಿಸಿ, ಆ ಜಾಗಕ್ಕೆ ಬಸ್ಸಾರಿನ ಕಾಳು, ಸೊಪ್ಪು ಹೆಚ್ಚು ಮಾಡಿದರೆ ನಾಲಿಗೆಗೂ ಮೋಸವಿಲ್ಲ. ತೂಕ ಇಳಿಸಿ ಕಾಯಿಲೆಯನ್ನೇ ಹಿಮ್ಮೆಟ್ಟಿಸಿದವರೂ ಇದ್ದಾರೆ. ಬ್ರಿಟನ್ನಿನ ಡೈರೆಕ್ಟ್ ಪ್ರಯೋಗದಲ್ಲಿ ವೈದ್ಯರ ಕಣ್ಣಳತೆಯಲ್ಲಿ ಕೆಲವು ತಿಂಗಳು ಕಟ್ಟುನಿಟ್ಟು ಆಹಾರದಲ್ಲಿದ್ದವರಲ್ಲಿ 46% ಜನರಿಗೆ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಗೆ ಬಂದಿತ್ತು. ಅವರೆಲ್ಲ ಕಾಯಿಲೆ ಬಂದು ಆರು ವರ್ಷದೊಳಗಿನವರು. ಅದಕ್ಕೇ ನಮ್ಮ ಮಕ್ಕಳು ಮೂವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಲಿ ಅಂತ ನಾನು ಕಾಡುವುದು.

ಅಷ್ಟರಲ್ಲಿ ಬೀದಿಯಲ್ಲಿ ಹೂವಿನವಳ ಕೂಗು. ಅವಳ ಮಗಳು ಏಳನೇ ಕ್ಲಾಸು. ನಾಲ್ಕು ವರ್ಷದಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಅದು ನಮ್ಮಂಥ ಕಾಯಿಲೆಯಲ್ಲ, ಟೈಪ್ 1. ಮೈಯ ರಕ್ಷಣಾ ಪಡೆಯೇ ತಪ್ಪಿ ತನ್ನ ಇನ್ಸುಲಿನ್ ಕಣಗಳನ್ನು ಕೊಂದುಬಿಡುತ್ತದೆ. ಆ ಹುಡುಗಿಯ ಸಲುವಾಗಿ ನಾನು ಸುದ್ದಿ ಹುಡುಕಿ ಓದುತ್ತೇನೆ. 2025ರ ಜೂನ್‌ನಲ್ಲಿ ಒಂದು ಫಲಿತಾಂಶ ಬಂತು. ಕಾಂಡಕೋಶದಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಇನ್ಸುಲಿನ್ ಕಣಗಳನ್ನು ಪೂರ್ತಿ ಪ್ರಮಾಣದಲ್ಲಿ ಪಡೆದ 12 ಜನರಲ್ಲಿ 10 ಜನ ವರ್ಷದ ನಂತರ ಸೂಜಿಯಿಲ್ಲದೆ ಇದ್ದರು. ರಕ್ಷಣಾ ಶಕ್ತಿ ತಗ್ಗಿಸುವ ಔಷಧಿಯನ್ನು ಮಾತ್ರ ಅವರು ಬಿಡುವಂತಿಲ್ಲ. ಅದೂ ಬೇಡವಾಗುವಂತೆ ಕಣಗಳ ವಂಶವಾಹಿಯನ್ನೇ ತಿದ್ದಿ ಸ್ವೀಡನ್ನಿನಲ್ಲಿ ಒಬ್ಬರಿಗೆ ಹಾಕಿ ನೋಡಿದ್ದಾರೆ. ನಮ್ಮ ಬೀದಿಗೆ ಬರಲು ಕಾಲ ಹಿಡಿಯುತ್ತದೆ. ಬಂದ ದಿನ ಆ ಹುಡುಗಿ ಗಟ್ಟಿಯಾಗಿರಬೇಕು, ಕಣ್ಣು ಕಿಡ್ನಿ ನೆಟ್ಟಗಿರಬೇಕು. ಅಲ್ಲಿಯವರೆಗೆ ಅವಳನ್ನು ಕಾಯುವುದು ಆ ಸೂಜಿಯೇ.

ಭಾನುವಾರ ಬೆಳಿಗ್ಗೆ ಅಕ್ಕ ಗೋಡೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಡಿಲಲ್ಲಿ ಇನ್ಸುಲಿನ್ ಪೆನ್ನು. “ಡಾಕ್ಟ್ರು ಹೇಳ್ಕೊಟ್ಟಿದಾರೆ. ನೀನು ನೋಡ್ತಾ ನಿಂತಿರು.” ನಾಲ್ಕು ಮಿಲಿಮೀಟರಿನ ಸೂಜಿ, ಮಲ್ಲಿಗೆ ಮೊಗ್ಗಿನ ತೊಟ್ಟಿಗಿಂತ ಚಿಕ್ಕದು. ಹೊಕ್ಕುಳಿಂದ ನಾಲ್ಕು ಬೆರಳು ದೂರಕ್ಕೆ ಇಟ್ಟು ಒತ್ತಿದರು. ಗುಂಡಿ ಅದುಮಿ ಹಿಡಿದು ಒಂದರಿಂದ ಹತ್ತರವರೆಗೆ ಎಣಿಸಿದರು. ಏಳರ ಹೊತ್ತಿಗೆ ಹುಬ್ಬಿನ ಗಂಟು ಸಡಿಲಾಗಿತ್ತು. ಪೆನ್ನು ಮುಚ್ಚಿ, ಸೆರಗು ಸರಿಮಾಡಿಕೊಂಡು, ಅಡುಗೆಮನೆ ಕಡೆ ತಿರುಗಿ ಸೊಸೆಗೆ ಕೂಗಿದರು: “ನನ್ ಇನ್ಸುಲಿನ್ ಆಯ್ತು, ತಿಂಡಿ ಹಾಕಮ್ಮಾ.” 

ಹೂವಿನವಳು ಗೇಟಿನ ಹತ್ತಿರ ಬುಟ್ಟಿ ಇಳಿಸುತ್ತಿದ್ದಳು. ಅಕ್ಕ ಎದ್ದು ನಿಂತರು. “ಏನೇ, ನಿನ್ ಮಗಳು ಶಾಲೆಗೆ ಹೋದಾಗ ಪೆನ್ನು ಎಲ್ಲಿಟ್ಕೋತಾಳೆ? ಬಿಸಿಲಿಗೆ ಕೆಡುತ್ತಂತೆ. ಇನ್ಮೇಲಿಂದ ನಂದೂ ಅದೇ ಕಣೇ!”

ಹಾಲಿನ ಬೂತಿನಲ್ಲಿ ನಿಂತವರು ತಿರುಗಿ ನೋಡಿದರು. ಅಕ್ಕ ಅವರತ್ತ ಕೈಬೀಸಿ, ಕರಿಬೇವಿನ ಎರಡೆಸಳು ಕಿತ್ತು ನನ್ನ ಕೈಗಿಟ್ಟರು.